ಸಂಪಾಜೆ ಘಾಟಿಯೂ ಕಾರಿನ ಗುಂಡಿಗಳೂ

ಕನ್ನಡದಲ್ಲಿ ‘ಗುಂಡಿ’ ಎಂಬ ಒಂದೇ ಪದ ಎರಡು ವಸ್ತುಗಳಿಗೆ ಸಲ್ಲುತ್ತದೆ. ರಸ್ತೆಯಲ್ಲಿರುವುದೂ ಗುಂಡಿ, ಅಂಗಿಯಲ್ಲಿರುವುದೂ ಗುಂಡಿ. ನಮ್ಮ ಸಂಪಾಜೆಯ ಹಾದಿಯಲ್ಲಿ ಸಾಗುವ ಚಾಲಕರು ಬಹುಕಾಲ ಮೊದಲನೆಯ ಬಗೆಯ ಗುಂಡಿಗಳ ಚಿಂತೆಯಲ್ಲೇ ಇದ್ದರು. ಈಗ ಎರಡನೆಯ ಬಗೆಯವೂ ಸೇರಿಕೊಂಡಿವೆ. ರಜೆಗೆಂದು ಬೆಂಗಳೂರಿನಿಂದ ಊರಿಗೆ ಬರುವ ಮಕ್ಕಳು, ಸೋದರಳಿಯಂದಿರು, ಹಳೆಯ ವಿದ್ಯಾರ್ಥಿಗಳು ತರುವ ಹೊಸ ಕಾರುಗಳೊಳಗೆ ಇಣುಕಿದರೆ ಸ್ಟಿಯರಿಂಗಿನ ಮೇಲೆಯೇ ಹತ್ತು ಹನ್ನೆರಡು ಗುಂಡಿಗಳು ಕಾಣುತ್ತವೆ. ‘ಇದು ಯಾವುದಪ್ಪಾ’ ಎಂದು ಒಂದನ್ನು ತೋರಿಸಿ ಕೇಳಿದರೆ, ‘ಗೊತ್ತಿಲ್ಲ ಸರ್, ಅದನ್ನು ನಾನು ಮುಟ್ಟಿಯೇ ಇಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಮುಟ್ಟದಿದ್ದರೂ ಅವುಗಳಲ್ಲಿ ಹಲವು ತಾವಾಗಿಯೇ ಕೆಲಸ ಮಾಡುತ್ತಿರುತ್ತವೆ. ಕೆಲವು ಗುಂಡಿಗಳಂತೂ ಇರುವುದೇ, ಆಗಲೇ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವುದಕ್ಕೆ. ತಿರುವುಗಳೂ ಮಂಜೂ ತುಂಬಿದ ಘಾಟಿಯಲ್ಲಿ, ಕಾರು ತನ್ನಷ್ಟಕ್ಕೆ ಏನನ್ನು ಮಾಡಬಹುದು, ಏನನ್ನು ಮಾಡಲಾರದು ಎಂದು ತಿಳಿಯದೆ ಹೋಗುವುದು ಕ್ಷೇಮವಲ್ಲ. ಆದ್ದರಿಂದ ಈ ಬಾರಿ ಆ ಗುಂಡಿಗಳ ಚರಿತ್ರೆಯನ್ನೇ ಬರೆಯಲು ಕುಳಿತಿದ್ದೇನೆ.

ಚರಿತ್ರೆ ಏಕೆಂದರೆ, ಪ್ರತಿಯೊಂದು ಗುಂಡಿಯೂ ಎಲ್ಲೋ ಒಂದು ರಸ್ತೆಯಲ್ಲಿ, ಯಾರದೋ ಒಂದು ಕಷ್ಟದಿಂದ ಹುಟ್ಟಿದ್ದು. ಅದು ಹುಟ್ಟಿದ ರಸ್ತೆ ಯಾವುದೆಂದು ತಿಳಿದರೆ, ನಮ್ಮ ರಸ್ತೆಗೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಗುಂಡಿಗಳು ಕುಳಿತಿರುವ ಹಲಗೆಯನ್ನೇ ನೋಡೋಣ. ‘ಡ್ಯಾಶ್‌ಬೋರ್ಡ್’ ಎಂಬ ಶಬ್ದ ಮೋಟಾರಿಗಿಂತ ಹಳೆಯದು. ಕುದುರೆ ಓಡುವಾಗ ಅದರ ಗೊರಸಿನಿಂದ ಕೆಸರೂ ಕಲ್ಲೂ ಹಿಂದಕ್ಕೆ ಎರಚುತ್ತಿದ್ದವು. ಅವು ಗಾಡಿ ಹೊಡೆಯುವವನ ಮೈಮೇಲೆ ಬೀಳದಿರಲೆಂದು ಅವನ ಕಾಲಿನ ಮುಂದೆ ಮರದ ಅಥವಾ ತೊಗಲಿನ ಅಡ್ಡ ಹಲಗೆಯೊಂದನ್ನು ನಿಲ್ಲಿಸುತ್ತಿದ್ದರು. ಕೆಸರನ್ನು ತಡೆಯುವ ಆ ಹಲಗೆಯೇ ಡ್ಯಾಶ್‌ಬೋರ್ಡ್. ಕುದುರೆ ಹೋಗಿ ಎಂಜಿನ್ ಬಂದಿತು, ಹಲಗೆ ಮಾತ್ರ ಉಳಿಯಿತು; ಖಾಲಿ ಹಲಗೆಯನ್ನು ಕಂಡವರು ಅದರ ಮೇಲೆ ಒಂದೊಂದಾಗಿ ಮುಳ್ಳು, ದೀಪ, ಗುಂಡಿಗಳನ್ನು ಜೋಡಿಸುತ್ತ ಹೋದರು. ಇಂದಿನ ಕಾರುಗಳಲ್ಲಿ ಮುಂದಿನ ವಾಹನವನ್ನು ಗುರುತಿಸುವ ರೇಡಾರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಅಥವಾ ಜಾಲರಿಯ ಹಿಂದೆ ಇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಕೆಸರು ಮೆತ್ತಿಕೊಂಡರೆ ಅದು ಕಣ್ಣು ಮುಚ್ಚಿಕೊಂಡು, ‘ನನ್ನಿಂದಾಗದು’ ಎಂಬ ಸಂದೇಶವನ್ನು ಡ್ಯಾಶ್‌ಬೋರ್ಡಿನ ಮೇಲೆ ಮೂಡಿಸುತ್ತದೆ. ಕೆಸರು ಅಷ್ಟು ಸುಲಭವಾಗಿ ಸೋಲುವಂಥದ್ದಲ್ಲ.

ಇನ್ನು ನಮ್ಮ ರಸ್ತೆ. ೧೮೩೪ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ, ಅದುವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಅಂದಿನಿಂದ ಸಂಪಾಜೆ ಗಡಿಯ ಊರಾಯಿತು. ೧೯೫೬ರ ನವೆಂಬರ್ ೧ರವರೆಗೂ ಕೆಳಗಿನಿಂದ ಬಂದ ಗಾಡಿ ಇಲ್ಲಿ ಮದ್ರಾಸಿನ ಆಡಳಿತವನ್ನು ಬಿಟ್ಟು ಕೊಡಗಿನ ಆಡಳಿತಕ್ಕೆ ಕಾಲಿಡುತ್ತಿತ್ತು. ಇಂದಿಗೂ ಸಂಪಾಜೆ ಎಂಬ ಹೆಸರು ಎರಡು ಜಿಲ್ಲೆಗಳಲ್ಲಿದೆ. ಪಯಸ್ವಿನಿಯ ಬದಿಯಿಂದ ಹೊರಟ ದಾರಿ ಕಾಡು, ತೋಟಗಳ ನಡುವೆ ಬಳಸಿ ಬಳಸಿ, ಸುಮಾರು ಒಂದು ಸಾವಿರ ಮೀಟರಿನಷ್ಟು ಎತ್ತರವನ್ನು ಏರಿ ಮಡಿಕೇರಿಯನ್ನು ತಲುಪುತ್ತದೆ. ಇದೇ ಇಂದಿನ ರಾಷ್ಟ್ರೀಯ ಹೆದ್ದಾರಿ ೨೭೫. ಇದರ ಒಂದು ತುದಿ ಬಂಟ್ವಾಳದಲ್ಲಿದೆ, ಇನ್ನೊಂದು ತುದಿ ಬೆಂಗಳೂರಿನಲ್ಲಿದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಘಾಟಿಯ ಕಷ್ಟ ಕಾರಿನಷ್ಟೇ ಹಳೆಯದು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ೧೮೮೬ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷಗಳ ಅನಂತರ, ೧೮೮೮ರ ಆಗಸ್ಟಿನಲ್ಲಿ, ಅವನ ಹೆಂಡತಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಜ್‌ಹೈಮಿನ ತನ್ನ ತವರಿಗೆ ಅದೇ ಬಗೆಯ ಗಾಡಿಯನ್ನು ನಡೆಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಏರಿನಲ್ಲಿ ಹುಡುಗರು ಇಳಿದು ನೂಕಬೇಕಾಯಿತು; ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಆಕೆ ದಾರಿಯ ಹಳ್ಳಿಯೊಂದರಲ್ಲಿ ಮೋಚಿಯ ಬಳಿ ನಿಂತು ಆ ತುಂಡುಗಳಿಗೆ ತೊಗಲು ಹೊಡೆಸಿಕೊಂಡಳು. ಬ್ರೇಕ್ ಲೈನಿಂಗಿನ ಕಥೆ ಅಲ್ಲಿಂದ ಆರಂಭವಾಗುತ್ತದೆಂದು ಹೇಳುವುದುಂಟು. ಊರಿಗೆ ಮರಳಿದ ಮೇಲೆ ಏರನ್ನು ಹತ್ತಲು ಇನ್ನೊಂದು ಗೇರ್ ಬೇಕೆಂದು ಗಂಡನಿಗೆ ಹೇಳಿದವಳೂ ಅವಳೇ. ಪ್ರಯೋಗಾಲಯದಲ್ಲಿ ಕಾಣದ ದೋಷಗಳನ್ನು ಒಂದೇ ದಿನದ ಏರಿಳಿತ ತೋರಿಸಿಕೊಟ್ಟಿತು.

ಘಾಟಿ ಬಸ್ಸುಗಳ ಹಳೆಯ ಕಾಲವನ್ನು ಕಂಡವರಿಗೆ ಕ್ಲೀನರ್ ಎಂಬ ಹುಡುಗನ ನೆನಪಿರಬೇಕು. ಏರಿನ ತಿರುವಿನಲ್ಲಿ ಬಸ್ಸು ಉಸಿರುಗಟ್ಟಿ ನಿಂತರೆ ಅವನು ಹಿಂದಿನ ಬಾಗಿಲಿನಿಂದ ಹಾರಿ, ತ್ರಿಕೋನಾಕಾರದ ಮರದ ತುಂಡನ್ನೋ ದೊಡ್ಡದೊಂದು ಕಲ್ಲನ್ನೋ ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಿದ್ದ. ಚಾಲಕ ಕ್ಲಚ್ಚು ಬಿಟ್ಟು, ಗಾಡಿ ಒಂದು ಮೊಳ ಮುಂದಕ್ಕೆ ಸರಿದ ಮೇಲೆಯೇ ಅದನ್ನು ತೆಗೆಯುವುದು. ಬಸ್ಸು ಹಿಂದಕ್ಕೆ ಬರಬೇಕಾದಾಗ ಅದೇ ಹುಡುಗ ಹಿಂಬದಿಯಲ್ಲಿ ನಿಂತು ತಗಡನ್ನು ಬಡಿಯುತ್ತ ‘ಬರಲಿ, ಬರಲಿ’ ಎನ್ನುತ್ತಿದ್ದ. ಬಡಿತದ ವೇಗ ಹೆಚ್ಚಿತೆಂದರೆ ಬರೆ ಹತ್ತಿರವಾಯಿತೆಂದು ಅರ್ಥ. ಇಂದಿನ ಕಾರಿನ ಹಿಂದಿನ ಬಂಪರಿನಲ್ಲಿರುವ ಸೆನ್ಸರುಗಳು ಶಬ್ದಾತೀತ ತರಂಗವನ್ನು ಕಳುಹಿಸಿ, ಅದು ಮರಳುವ ಕಾಲವನ್ನು ಅಳೆದು, ‘ಪೀಂ ಪೀಂ’ ಎಂದು ನುಡಿಯುವುದು ಅದೇ ಭಾಷೆಯನ್ನು. ೨೦೧೯ರ ಜುಲೈ ೧ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಇದು ಕಡ್ಡಾಯ. ಅದೇ ದಿನದಿಂದ, ವೇಗ ೮೦ ಕಿಲೋಮೀಟರನ್ನು ದಾಟಿದರೆ ಆಗಾಗ, ೧೨೦ನ್ನು ದಾಟಿದರೆ ಎಡೆಬಿಡದೆ ಕೂಗುವ ಎಚ್ಚರಿಕೆಯೂ ಕಡ್ಡಾಯವಾಯಿತು.

ಕ್ಲೀನರನ ಕಲ್ಲಿಗೂ ಈಗ ಒಂದು ಹೆಸರಿದೆ: ಹಿಲ್ ಹೋಲ್ಡ್. ಇದು ನಿನ್ನೆ ಮೊನ್ನೆಯದೆಂದು ತಿಳಿಯಬೇಡಿ. ಅಮೆರಿಕದ ಸ್ಟುಡ್‌ಬೇಕರ್ ಕಂಪೆನಿ ೧೯೩೬ರಲ್ಲೇ ಈ ಸಾಧನವನ್ನು ತನ್ನ ಕಾರಿನಲ್ಲಿ ಕೊಟ್ಟಿತ್ತು. ಅದರಲ್ಲಿ ವಿದ್ಯುತ್ ಮಿದುಳು ಯಾವುದೂ ಇರಲಿಲ್ಲ. ಬ್ರೇಕಿನ ಎಣ್ಣೆ ಹರಿಯುವ ದಾರಿಯಲ್ಲಿ ಒಂದು ಲೋಹದ ಗುಂಡು. ಕಾರು ಏರುಮುಖವಾಗಿ ನಿಂತರೆ ಗುಂಡು ತಾನಾಗಿ ಹಿಂದಕ್ಕೆ ಉರುಳಿ ಎಣ್ಣೆ ಮರಳದಂತೆ ದಾರಿಯನ್ನು ಮುಚ್ಚುತ್ತಿತ್ತು, ಕ್ಲಚ್ಚು ಬಿಟ್ಟಾಗ ದಾರಿ ತೆರೆಯುತ್ತಿತ್ತು. ಗುರುತ್ವಾಕರ್ಷಣೆಯಿಂದ ಜಾರುವ ಕಾರನ್ನು ಗುರುತ್ವಾಕರ್ಷಣೆಯಿಂದಲೇ ಹಿಡಿದು ನಿಲ್ಲಿಸಿದ ಆ ಯುಕ್ತಿ ನನಗೆ ಬಹಳ ಮೆಚ್ಚುಗೆಯಾದದ್ದು. ಇಂದು ಆ ಗುಂಡಿನ ಕೆಲಸವನ್ನು ಓರೆಯನ್ನು ಅಳೆಯುವ ಸೆನ್ಸರ್ ಮಾಡುತ್ತದೆ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಸುಮಾರು ಎರಡು ಸೆಕೆಂಡುಗಳ ಕಾಲ ಕಾರು ನಿಂತೇ ಇರುತ್ತದೆ.

ಎರಡೇ ಸೆಕೆಂಡು ಎಂಬುದನ್ನು ಗಮನಿಸಬೇಕು. ಕಾಲು ಬ್ರೇಕಿನಿಂದ ಆ್ಯಕ್ಸಿಲರೇಟರಿಗೆ ಹೋಗುವಷ್ಟು ಅವಧಿಯನ್ನು ಮಾತ್ರ ಅದು ಕೊಡುತ್ತದೆ. ಕೆಲವು ಕಾರುಗಳಲ್ಲಿ ‘ಆಟೋ ಹೋಲ್ಡ್’ ಎಂಬ ಬೇರೆಯೇ ಒಂದು ಗುಂಡಿಯಿದೆ. ಅದನ್ನು ಒತ್ತಿಟ್ಟರೆ ನಿಂತ ಕಾರು ಆ್ಯಕ್ಸಿಲರೇಟರನ್ನು ತುಳಿಯುವವರೆಗೂ ನಿಂತಿರುತ್ತದೆ. ಹೆಸರುಗಳು ಅಣ್ಣತಮ್ಮಂದಿರಂತಿರುವುದರಿಂದ ಹಿಲ್ ಹೋಲ್ಡ್ ಇದೆಯೆಂಬ ಧೈರ್ಯದಿಂದ ಏರಿನಲ್ಲಿ ಬ್ರೇಕು ಬಿಟ್ಟು ಹಿಂದಿನ ಸೀಟಿನ ಮಗುವಿನ ಕಡೆ ತಿರುಗುವವರಿದ್ದಾರೆ. ಕಾರನ್ನು ಬಿಟ್ಟು ಇಳಿಯಬೇಕಾದರೆ ಈ ಎರಡೂ ಸಾಲವು; ವೃತ್ತದೊಳಗೆ ‘ಪಿ’ ಅಕ್ಷರವಿರುವ ಕೈಬ್ರೇಕೇ ಬೇಕು, ಅದು ಸನ್ನೆಯಾಗಿರಲಿ, ಗುಂಡಿಯಾಗಿರಲಿ.

ಏರುವುದಕ್ಕಿಂತ ಇಳಿಯುವುದೇ ಕಷ್ಟ. ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ನೀವೆಲ್ಲ ಸ್ಥಿತಿಶಕ್ತಿ ಮತ್ತು ಚಲನಶಕ್ತಿಯ ಲೆಕ್ಕ ಮಾಡಿದವರೇ, ಈಗ ಇನ್ನೊಂದು ಮಾಡೋಣ. ಜನರೂ ಸಾಮಾನೂ ಸೇರಿ ೧,೫೦೦ ಕಿಲೋ ತೂಗುವ ಕಾರೊಂದು ಮಡಿಕೇರಿಯಿಂದ ಸಂಪಾಜೆಗೆ ಸಾವಿರ ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ೧ ಕೋಟಿ ೪೭ ಲಕ್ಷ ಜೂಲ್. ಕೊಠಡಿಯ ಉಷ್ಣತೆಯಲ್ಲಿರುವ ಒಂದು ಲೀಟರ್ ನೀರು ಕುದಿಯಲಾರಂಭಿಸುವುದಕ್ಕೆ ಸುಮಾರು ೩ ಲಕ್ಷ ೧೫ ಸಾವಿರ ಜೂಲ್ ಬೇಕು. ಭಾಗಿಸಿ ನೋಡಿ: ೪೬ ಲೀಟರಿಗೂ ಹೆಚ್ಚು. ಅಂದರೆ ಬಚ್ಚಲುಮನೆಯ ಒಂದು ದೊಡ್ಡ ಹಂಡೆಯ ನೀರನ್ನು ಕುದಿಸುವಷ್ಟು ಬಿಸಿ! ಗಾಳಿಯ ತಡೆಗೂ ಟೈರುಗಳ ಉರುಳಾಟಕ್ಕೂ ಅದರಲ್ಲಿ ಒಂದಷ್ಟು ಪಾಲು ಹೋಗುತ್ತದೆ. ಉಳಿದದ್ದನ್ನೆಲ್ಲ ಬ್ರೇಕಿನ ನಾಲ್ಕು ಬಿಲ್ಲೆಗಳ ಮೇಲೆಯೇ ಹೊರಿಸಿದರೆ ಅವು ಕಾದು ಕೆಂಪಾಗುತ್ತವೆ, ಸುಟ್ಟ ವಾಸನೆ ಬರುತ್ತದೆ, ಬ್ರೇಕಿನ ಎಣ್ಣೆ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದೂ ಕುದಿಯತೊಡಗುತ್ತದೆ. ಆಗ ಪೆಡಲು ಹತ್ತಿಯ ಮೂಟೆಯಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಆದ್ದರಿಂದಲೇ ಹಳೆಯ ಚಾಲಕರು ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎನ್ನುತ್ತಿದ್ದರು. ಎಂಜಿನ್ನಿಗೆ ಬಿಸಿಯನ್ನು ಹೊರಹಾಕುವುದೇ ಕೆಲಸ. ರೇಡಿಯೇಟರ್ ಇರುವುದೂ ಅದಕ್ಕೇ. ಗೇರಿಲ್ಲದ ಕಾರು ಎಂದು ನಾವು ಕರೆಯುವ ಆಟೋಮ್ಯಾಟಿಕ್ ಕಾರಿನಲ್ಲೂ ಗೇರ್ ಇದ್ದೇ ಇದೆ. ಸನ್ನೆಯ ಬದಿಯಲ್ಲಿ ‘ಎಲ್’, ‘ಎಸ್’, ‘ಎಂ’ ಅಥವಾ ‘ಬಿ’ ಎಂದು ಬರೆದಿರುತ್ತದಲ್ಲ, ಅದು ಇಳಿಜಾರಿಗಾಗಿಯೇ ಇರುವ ಸ್ಥಾನ. ಕೆಲವು ಕಾರುಗಳಲ್ಲಿ ಸ್ಟಿಯರಿಂಗಿನ ಹಿಂದೆ ಕಿವಿಗಳಂತೆ ಎರಡು ಸನ್ನೆಗಳಿದ್ದು, ಎಡಗಡೆಯದನ್ನು ಎಳೆದರೆ ಒಂದು ಗೇರ್ ಕೆಳಗಿಳಿಯುತ್ತದೆ. ‘ಡಿ’ಯಲ್ಲೇ ಇಟ್ಟು ಮಡಿಕೇರಿಯಿಂದ ಕೆಳಗಿನವರೆಗೆ ಬ್ರೇಕನ್ನು ಒತ್ತಿಕೊಂಡೇ ಬರುವುದು ಕಾರಿಗೆ ಹೇಳಿಸಿದ ಕ್ರಮವಲ್ಲ.

ಇನ್ನೊಂದು ಹಳೆಯ ಅಭ್ಯಾಸದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಉರುಳುತ್ತ ಬರುವವರಿದ್ದರು. ಆಗಲೂ ಅದು ಅಪಾಯವೇ. ಈಗಿನ ಕಾರುಗಳಲ್ಲಿ ಬ್ರೇಕಿಗೂ ಸ್ಟಿಯರಿಂಗಿಗೂ ಯಂತ್ರದ ನೆರವಿದೆ. ಎಂಜಿನ್ ನಿಂತರೆ ಆ ನೆರವು ಕೈಬಿಟ್ಟು ಎರಡೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಸ್ಟಾರ್ಟ್ ಗುಂಡಿಯನ್ನು ಓಡುತ್ತಿರುವಾಗ ಆಟಕ್ಕೂ ಮುಟ್ಟಬಾರದು. ಹೊಸ ಪೆಟ್ರೋಲ್ ಕಾರು ಗೇರಿನಲ್ಲಿದ್ದು ಆ್ಯಕ್ಸಿಲರೇಟರಿನ ಮೇಲೆ ಕಾಲಿಲ್ಲದಿದ್ದರೆ ಇಂಧನವನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಅಲ್ಲಿಗೆ ಉಳಿತಾಯದ ವಾದವೂ ಮುಗಿಯಿತು.

ಕೆಲವು ಕಾರುಗಳಲ್ಲಿ ಇಳಿಜಾರಿನ ಮೇಲೆ ಕಾರು ನಿಂತಿರುವ ಚಿತ್ರದ ಗುಂಡಿಯಿದೆ. ಅದು ಹಿಲ್ ಡಿಸೆಂಟ್ ಕಂಟ್ರೋಲ್. ೧೯೯೭ರಲ್ಲಿ ಲ್ಯಾಂಡ್ ರೋವರ್ ಕಂಪೆನಿ ತನ್ನ ಫ್ರೀಲ್ಯಾಂಡರ್ ಎಂಬ ವಾಹನಕ್ಕೆ ಇದನ್ನು ಮೊದಲು ಅಳವಡಿಸಿತು. ಜೀಪುಗಳಲ್ಲಿರುವ ಬಹಳ ನಿಧಾನದ ಗೇರುಗಳ ಎರಡನೆಯ ಪೆಟ್ಟಿಗೆ ಆ ವಾಹನದಲ್ಲಿರಲಿಲ್ಲ; ಆ ಕೊರತೆಯನ್ನು ತುಂಬಲು, ಚಕ್ರಗಳ ಬ್ರೇಕನ್ನು ತಾನೇ ಒತ್ತಿ ಬಿಟ್ಟು ಮಾಡುತ್ತ ಕಾರನ್ನು ನಡಿಗೆಯ ವೇಗದಲ್ಲಿ ಇಳಿಸುವ ಏರ್ಪಾಡನ್ನು ಕಲ್ಪಿಸಿದರು. ಕೆಸರಿನ ಕಡಿದಾದ ತೋಟದ ದಾರಿಗೆ ಅದು ಬಹಳ ಒಳ್ಳೆಯದು. ಹೆದ್ದಾರಿಯ ಘಾಟಿಗೆ ಅದು ಹುಟ್ಟಿದ್ದಲ್ಲ. ಬ್ರೇಕನ್ನೇ ಬಳಸುವುದರಿಂದ ಹಂಡೆಯ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ.

ವಿದ್ಯುತ್ ಕಾರುಗಳ ಮಾತು ಬೇರೆ. ಇಳಿಯುವಾಗ ಅವುಗಳ ಮೋಟಾರು ಡೈನಮೋ ಆಗಿ ತಿರುಗಿ, ಕಾರನ್ನು ತಡೆಯುತ್ತಲೇ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತದೆ. ನಾವು ಈಗ ಮಾಡಿದ ಲೆಕ್ಕವನ್ನು ಮೆಸ್ಕಾಂ, ಚೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು ನಾಲ್ಕು ಯುನಿಟ್. ಅದರಲ್ಲಿ ಒಂದು ಭಾಗ ಹಿಂದಿರುಗಿ ಬರುತ್ತದೆ. ಆದರೆ ಮಡಿಕೇರಿಯಲ್ಲಿಯೇ ಬ್ಯಾಟರಿಯನ್ನು ಪೂರ್ತಿ ನೂರಕ್ಕೆ ತುಂಬಿಸಿ ಹೊರಟರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಮೋಟಾರಿನ ತಡೆ ಕಡಿಮೆಯಾಗಿ, ಭಾರವೆಲ್ಲ ಮತ್ತೆ ಬ್ರೇಕಿನ ಮೇಲೆಯೇ ಬೀಳುತ್ತದೆ. ಘಾಟಿ ಇಳಿಯುವವರು ಬ್ಯಾಟರಿಯಲ್ಲಿ ಸ್ವಲ್ಪ ಜಾಗ ಉಳಿಸಿಕೊಂಡು ಹೊರಡಬೇಕು.

ಈಗ ತಾವಾಗಿ ಕೆಲಸ ಮಾಡುವ ಇಬ್ಬರು ಕಾವಲುಗಾರರ ಸಂಗತಿ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ, ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ವಿಮಾನಗಳು ಒದ್ದೆ ನೆಲದ ಮೇಲೆ ಇಳಿಯುವಾಗಿನ ಇದೇ ತೊಂದರೆಗೆ ಬ್ರಿಟನ್ನಿನ ಡನ್‌ಲಪ್ ಕಂಪೆನಿ ೧೯೫೦ರ ದಶಕದಲ್ಲಿ ಮ್ಯಾಕ್ಸರೆಟ್ ಎಂಬ ಸಾಧನವನ್ನು ತಂದಿತ್ತು. ಕಾರಿಗೆ ಒಪ್ಪುವ ವಿದ್ಯುನ್ಮಾನ ರೂಪವನ್ನು ಬಾಷ್ ಕಂಪೆನಿ ಸಿದ್ಧಪಡಿಸಿ, ೧೯೭೮ರಲ್ಲಿ ಮರ್ಸಿಡಿಸ್‌ನ ಎಸ್ ಕ್ಲಾಸ್ ಕಾರಿನ ಮೂಲಕ ಮಾರುಕಟ್ಟೆಗೆ ತಂದಿತು. ಅದೇ ಎ.ಬಿ.ಎಸ್. ಚಕ್ರ ನಿಲ್ಲುವ ಸೂಚನೆ ಕಂಡೊಡನೆ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿನಲ್ಲಿ ಹತ್ತಾರು ಬಾರಿ. ಆಗ ಪೆಡಲು ಕಾಲಿನಡಿ ನಡುಗಿ ಗರಗರ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆಯಬಾರದು. ಒತ್ತಿಯೇ ಹಿಡಿದು ಸ್ಟಿಯರಿಂಗನ್ನು ತಿರುಗಿಸಬೇಕು. ಸಡಿಲ ಜಲ್ಲಿಯ ಮೇಲೆ ಮಾತ್ರ ಎ.ಬಿ.ಎಸ್. ಇದ್ದರೂ ಕಾರು ನಿಲ್ಲುವ ದೂರ ಹೆಚ್ಚಾಗಬಹುದು. ನಮ್ಮ ದೇಶದಲ್ಲಿ ೨೦೧೮ರ ಏಪ್ರಿಲಿನಿಂದ ಹೊಸ ಮಾದರಿಯ ಕಾರುಗಳಿಗೂ, ೨೦೧೯ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಅಂದರೆ ಜರ್ಮನಿಯಿಂದ ಇಲ್ಲಿಗೆ ಬರಲು ನಲವತ್ತು ವರ್ಷ ಹಿಡಿಯಿತು.

ಎರಡನೆಯ ಕಾವಲುಗಾರ ಇ.ಎಸ್.ಸಿ. ಅಥವಾ ಇ.ಎಸ್.ಪಿ. ಇದು ೧೯೯೫ರಲ್ಲಿ ಬಂದಿತು. ಚಾಲಕ ಸ್ಟಿಯರಿಂಗನ್ನು ಎತ್ತ ತಿರುಗಿಸಿದ್ದಾನೆ, ಕಾರಿನ ಮೈ ನಿಜವಾಗಿ ಎತ್ತ ತಿರುಗುತ್ತಿದೆ ಎಂಬೆರಡನ್ನೂ ಹೋಲಿಸಿ, ವ್ಯತ್ಯಾಸ ಕಂಡರೆ ಯಾವುದೋ ಒಂದೇ ಚಕ್ರದ ಬ್ರೇಕನ್ನು ಒತ್ತಿ ಕಾರನ್ನು ದಾರಿಗೆ ತರುತ್ತದೆ. ದುಬಾರಿ ಕಾರುಗಳಲ್ಲಿ ಮಾತ್ರವಿದ್ದ ಇದು ಪ್ರಸಿದ್ಧಿಗೆ ಬಂದದ್ದು ಒಂದು ಪ್ರಾಣಿಯ ಹೆಸರಿನಿಂದ. ಸ್ವೀಡನ್ ದೇಶದಲ್ಲಿ, ಎಲ್ಕ್ ಎಂಬ ದೊಡ್ಡ ಜಿಂಕೆ ರಸ್ತೆಗೆ ಅಡ್ಡ ಬಂದರೆ ಕಾರನ್ನು ತಟ್ಟನೆ ಪಕ್ಕಕ್ಕೆಳೆದು ಮತ್ತೆ ದಾರಿಗೆ ತರುವ ಪರೀಕ್ಷೆಯೊಂದಿದೆ. ೧೯೯೭ರಲ್ಲಿ ಮರ್ಸಿಡಿಸ್‌ನ ಚಿಕ್ಕ ಕಾರು, ಎ ಕ್ಲಾಸ್, ಆ ಪರೀಕ್ಷೆಯಲ್ಲಿ ಮಗುಚಿಬಿತ್ತು. ದೊಡ್ಡ ಸುದ್ದಿಯಾಯಿತು. ಕಂಪೆನಿ ಆ ಪುಟ್ಟ ಕಾರಿಗೆಲ್ಲ ಇ.ಎಸ್.ಪಿ.ಯನ್ನು ಅಳವಡಿಸಿತು. ಎಲ್ಕ್ ಬದಲು ಕಾಡಾನೆ, ಕಾಟಿಗಳಿರುವ ನಮ್ಮ ದಾರಿಗೂ ಇದು ಸಲ್ಲುವಂಥದ್ದೇ.

ಜಾರುವ ಕಾರಿನ ಚಿತ್ರವಿರುವ, ‘ಆಫ್’ ಎಂದು ಬರೆದಿರುವ ಗುಂಡಿ ಇದನ್ನು ನಿಲ್ಲಿಸಲು ಇರುವುದು. ಅದನ್ನೇಕೆ ಇಟ್ಟರು? ಮಳೆಗಾಲದಲ್ಲಿ ಅಡಕೆ ತೋಟದ ದಾರಿಯಲ್ಲಿ ಚಕ್ರ ಹೂತು ಗಿರಗಿರನೆ ಸುತ್ತುವಾಗ, ಈ ವ್ಯವಸ್ಥೆ ಚಕ್ರ ಜಾರುತ್ತಿದೆಯೆಂದು ತಿಳಿದು ಎಂಜಿನ್ನಿನ ಬಲವನ್ನೇ ಕುಗ್ಗಿಸಿಬಿಡುತ್ತದೆ. ಕಾರು ಅಲ್ಲಿಯೇ ಉಳಿಯುತ್ತದೆ. ಆಗ ಗುಂಡಿಯನ್ನು ಒತ್ತಿ, ಕೆಸರಿನಿಂದ ಮೇಲೆ ಬಂದು, ಟಾರು ರಸ್ತೆ ಸೇರುವ ಮೊದಲೇ ಮತ್ತೆ ಒತ್ತಿ ಮೊದಲಿನಂತೆ ಮಾಡಬೇಕು.

ಇಷ್ಟು ನೆರವುಗಳು ಚಾಲಕನ ಕೈಕಾಲುಗಳಿಗೆ ಬಲ ಕೊಡುವಂಥವು. ಮುಂದಿನವು ಅವನ ಕಣ್ಣಿನ, ಗಮನದ ಕೆಲಸವನ್ನೇ ವಹಿಸಿಕೊಳ್ಳಲು ಹೊರಟವು. ಇವುಗಳ ಮೂಲಪುರುಷ ಒಬ್ಬ ಅಂಧ ಎಂಬುದು ಆಶ್ಚರ್ಯದ ಸಂಗತಿ. ಅಮೆರಿಕದ ಇಂಡಿಯಾನಾ ಪ್ರಾಂತದ ರಾಲ್ಫ್ ಟೀಟರ್ ೧೮೯೦ರಲ್ಲಿ ಹುಟ್ಟಿದವನು, ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ದೃಷ್ಟಿ ಕಳೆದುಕೊಂಡ. ಆದರೂ ಎಂಜಿನಿಯರಿಂಗ್ ಓದಿ, ಎಂಜಿನ್ನಿನ ಬಿಡಿಭಾಗಗಳನ್ನು ತಯಾರಿಸುವ ಕಂಪೆನಿಯ ಮುಖ್ಯಸ್ಥನಾದ. ಅವನ ವಕೀಲನೊಬ್ಬನಿಗೆ ಮಾತನಾಡುವಾಗ ಕಾರನ್ನು ನಿಧಾನ ಮಾಡುವ, ಕೇಳಿಸಿಕೊಳ್ಳುವಾಗ ವೇಗ ಹೆಚ್ಚಿಸುವ ಅಭ್ಯಾಸವಿತ್ತಂತೆ. ಪಕ್ಕದಲ್ಲಿ ಕುಳಿತ ಟೀಟರನಿಗೆ ಆ ಎಳೆದಾಟ ಸಾಕಾಗಿ, ವೇಗವನ್ನು ಒಂದೇ ಸಮ ಇಡುವ ಸಾಧನದ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಕಣ್ಣಿರುವವರು ಗಮನಿಸದ್ದನ್ನು ಅವನ ಬೆನ್ನು ಗಮನಿಸಿತು. ೧೯೫೦ರಲ್ಲಿ ಪೇಟೆಂಟ್ ದೊರೆಯಿತು. ೧೯೫೮ರ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂದಿತು. ಇಂದಿನ ಸ್ಟಿಯರಿಂಗಿನ ಮೇಲೆ ‘ಸೆಟ್’, ‘ರೆಸ್’, ‘ಕ್ಯಾನ್ಸಲ್’ ಎಂದಿರುವ ಗುಂಡಿಗಳು ಅವನ ಕ್ರೂಸ್ ಕಂಟ್ರೋಲಿನವು.

ಅದಕ್ಕೆ ಕಣ್ಣು ಕೊಟ್ಟವರು ಅನಂತರದವರು. ಜಪಾನಿನ ಮಿತ್ಸುಬಿಷಿ ಡಯಮಾಂಟೆ ಎಂಬ ಕಾರು ೧೯೯೫ರಲ್ಲಿ ಲೇಸರ್ ಕಿರಣದಿಂದ ಮುಂದಿನ ವಾಹನದ ದೂರವನ್ನು ಅಳೆದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಮರ್ಸಿಡಿಸ್ ಅದೇ ಕೆಲಸಕ್ಕೆ ರೇಡಾರನ್ನು ತಂದಿತು. ೨೦೦೩ರಲ್ಲಿ ಹೊಂಡಾ, ಢಿಕ್ಕಿ ತಪ್ಪದೆಂದು ಕಂಡಾಗ ತಾನಾಗಿ ಬ್ರೇಕ್ ಹಾಕುವ ಕಾರನ್ನು ಜಪಾನಿನಲ್ಲಿ ಮಾರಿತು. ರಸ್ತೆಯ ಬಿಳಿ ಗೆರೆಗಳನ್ನು ನೋಡಿ, ಗೆರೆ ದಾಟಿದರೆ ಎಚ್ಚರಿಸುವ, ಸ್ಟಿಯರಿಂಗನ್ನು ಮೆಲ್ಲಗೆ ಒಳಕ್ಕೆ ತಿರುಗಿಸುವ ಕ್ಯಾಮೆರಾಗಳೂ ಇದೇ ಕಾಲದವು. ಇವೆಲ್ಲದರ ಒಟ್ಟು ಹೆಸರು ‘ಅಡಾಸ್’. ನಮ್ಮ ದೇಶದಲ್ಲಿ ಎಂ.ಜಿ. ಗ್ಲೋಸ್ಟರ್ ೨೦೨೦ರಲ್ಲಿ, ಮಹೀಂದ್ರ ಎಕ್ಸ್‌ಯುವಿ ೭೦೦ ೨೦೨೧ರಲ್ಲಿ ಇದನ್ನು ಹೊತ್ತು ಬಂದವು. ಈಗ ಮಧ್ಯಮವರ್ಗದ ಮನೆಯಂಗಳಕ್ಕೂ ತಲುಪಿದೆ. ‘ಲೆವೆಲ್ ಟೂ’ ಎಂದು ಮಾರಾಟಗಾರರು ಹೇಳುವ ಮಾತು ಅಮೆರಿಕದ ಎಸ್.ಎ.ಇ. ಸಂಸ್ಥೆ ೨೦೧೪ರಲ್ಲಿ ಪ್ರಕಟಿಸಿದ, ಸೊನ್ನೆಯಿಂದ ಐದರವರೆಗಿನ ಶ್ರೇಣಿಯಿಂದ ಬಂದದ್ದು. ಐದಕ್ಕೆ ಎರಡು ಅಂಕ ಎಂದು ತಿಳಿಯಿರಿ. ಎರಡನೆಯ ಮಟ್ಟದಲ್ಲಿ ಕಾರು ನೆರವಾಗುತ್ತದೆ, ನಡೆಸುವವನು ಚಾಲಕನೇ. ಕಣ್ಣು ರಸ್ತೆಯ ಮೇಲೆಯೇ ಇರಬೇಕು.

ನಮ್ಮ ಹೆದ್ದಾರಿಯ ಸಂಖ್ಯೆಯನ್ನು ನೆನಪಿಡಲು ಹೇಳಿದ್ದೆನಲ್ಲ. ೨೦೨೩ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯೂ ೨೭೫ನೆಯ ಸಂಖ್ಯೆಯದೇ. ನಡುವೆ ವಿಭಜಕ, ಸ್ಪಷ್ಟ ಗೆರೆಗಳು, ಬಹುಮಟ್ಟಿಗೆ ನೇರ ದಾರಿ; ಆ ವರ್ಷದ ಆಗಸ್ಟಿನಿಂದ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೂ ನಿಷೇಧ. ಟೀಟರನ ಗುಂಡಿ ಹುಟ್ಟಿದ ಅಮೆರಿಕದ ಹೆದ್ದಾರಿಗೆ ಅದು ದೂರದ ನೆಂಟ. ಅಲ್ಲಿ ‘ಸೆಟ್’ ಒತ್ತಿ, ಕಾರು ತಾನಾಗಿ ಅಂತರ ಕಾಯ್ದುಕೊಳ್ಳುವುದನ್ನು ಎರಡು ಗಂಟೆ ಕಾಲ ಸವಿದು ಬಂದವನು, ಅದೇ ಭರವಸೆಯಿಂದ ಅದೇ ಸಂಖ್ಯೆಯ ರಸ್ತೆಯಲ್ಲಿ ಮಡಿಕೇರಿಯಿಂದ ಇಳಿಯತೊಡಗುತ್ತಾನೆ. ತೊಂದರೆ ಆರಂಭವಾಗುವುದು ಅಲ್ಲಿಂದ.

ರೇಡಾರಿನ ನೋಟ ನೇರವಾದದ್ದು, ಅಗಲ ಕಡಿಮೆ. ತಿರುವಿನಲ್ಲಿ ಮುಂದಿನ ಲಾರಿ ಅದರ ನೋಟದಿಂದ ಮರೆಯಾದೊಡನೆ, ರಸ್ತೆ ಖಾಲಿಯಾಯಿತೆಂದು ತಿಳಿದು ಕಾರು ಮೊದಲು ನಿಗದಿ ಮಾಡಿದ ವೇಗಕ್ಕೆ ಏರಲು ಹೊರಡುತ್ತದೆ, ಅದೂ ತಿರುವಿನ ಒಳಗೆ. ನಿಂತೇ ಇರುವ ವಾಹನವನ್ನು ಗುರುತಿಸದೆ ಹೋಗಬಹುದೆಂದು ಕಂಪೆನಿಗಳ ಕೈಪಿಡಿಗಳಲ್ಲೇ ಎಚ್ಚರಿಕೆಯಿರುತ್ತದೆ. ಘಾಟಿಯಲ್ಲಿ ಕೆಟ್ಟು ನಿಂತ ಲಾರಿ ಅಪರೂಪವೇನಲ್ಲ. ಗೆರೆ ಕಾಯುವ ಕ್ಯಾಮೆರಾಕ್ಕೆ ಗೆರೆಯೇ ಬೇಕು. ಮಳೆಗೆ ಅಳಿಸಿದ, ಎಲೆ, ಮಣ್ಣು ಮುಚ್ಚಿದ
ಗೆರೆಯನ್ನು ಅದು ಕಾಣದು. ಕಂಡರೂ ಒಂದು ಪೇಚಿದೆ. ರಸ್ತೆಯ ಗುಂಡಿಯನ್ನು ತಪ್ಪಿಸಲು ನಾವು ಸ್ಟಿಯರಿಂಗ್ ತಿರುಗಿಸಿದರೆ, ಗೆರೆ ದಾಟಿದಿರೆಂದು ಕಾರಿನ ಗುಂಡಿ ಅದನ್ನು ಹಿಂದಕ್ಕೆಳೆಯುತ್ತದೆ. ಎಳೆತ ಹಗುರವಾದದ್ದು, ನಮ್ಮ ಕೈ ಅದನ್ನು ಮೀರಬಲ್ಲದು. ಆದರೆ ಎದುರಿನಿಂದ ಬಸ್ಸು ಬರುತ್ತಿರುವಾಗ ಕಾರಿನೊಂದಿಗೆ ಜಗಳವಾಡುವ ಪುರುಸೊತ್ತು ಯಾರಿಗಿದೆ? ಇಂಡಿಕೇಟರ್ ಹಾಕಿ ತಿರುಗಿಸಿದರೆ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ.

ವೋಲ್ವೋ ಕಂಪೆನಿಯ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. ಸ್ವೀಡನ್ನಿನ ಎಲ್ಕ್, ಜಿಂಕೆಗಳನ್ನು ಗುರುತಿಸಲು ಕಲಿಸಿದ ತನ್ನ ವ್ಯವಸ್ಥೆಯನ್ನು ಆ ಕಂಪೆನಿ ಆಸ್ಟ್ರೇಲಿಯಾಕ್ಕೆ ಕೊಂಡೊಯ್ದಾಗ ಕಾಂಗರೂಗಳು ಅದನ್ನು ಕಕ್ಕಾಬಿಕ್ಕಿ ಮಾಡಿದವು. ಪ್ರಾಣಿ ನೆಲದ ಮೇಲೆ ಎಲ್ಲಿದೆ ಎಂಬುದರಿಂದ ಅದು ದೂರವನ್ನು ಅಳೆಯುತ್ತಿತ್ತು. ಕಾಂಗರೂ ನೆಗೆದಾಗ ದೂರ ಹೋದಂತೆ, ನೆಲಕ್ಕಿಳಿದಾಗ ಹತ್ತಿರ ಬಂದಂತೆ ಅದಕ್ಕೆ ತೋರುತ್ತಿತ್ತು. ಇದನ್ನು ೨೦೧೭ರಲ್ಲಿ ಕಂಪೆನಿಯವರೇ ಹೇಳಿಕೊಂಡರು. ನಮ್ಮ ಕಾರುಗಳ ಕ್ಯಾಮೆರಾ ಮುಖ್ಯವಾಗಿ ಕಲಿತಿರುವುದು ವಾಹನ, ಪಾದಚಾರಿ, ಸೈಕಲ್ ಸವಾರರನ್ನು. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳೇ ಜಾರಿ ಬಂದು ಈ ರಸ್ತೆ ವಾರಗಟ್ಟಲೆ ಮುಚ್ಚಿಹೋದದ್ದನ್ನು ನಾವು ಮರೆತಿಲ್ಲ. ತಿರುವಿನಾಚೆ ಕುಸಿದು ಬಿದ್ದ ಮಣ್ಣನ್ನು, ಅಡ್ಡಬಿದ್ದ ಬಿದಿರು ಮೆಳೆಯನ್ನು, ಕತ್ತಲಲ್ಲಿ ನಿಂತ ಆನೆಯನ್ನು ಅದು ಗುರುತಿಸೀತೆಂದು ನಂಬಿ ಕೂರುವಂತಿಲ್ಲ. ಗುರುತಿಸದಿದ್ದರೆ ‘ಕಾಣಲಿಲ್ಲ’ ಎಂದು ಹೇಳುವುದೂ ಇಲ್ಲ.

ಕೊನೆಗೆ ದೀಪಗಳ ವಿಚಾರ, ಬೇಗನೆ ಮುಗಿಸುತ್ತೇನೆ. ಡ್ಯಾಶ್‌ಬೋರ್ಡಿನ ಚಿಹ್ನೆಗಳು ಐ.ಎಸ್.ಒ. ೨೫೭೫ ಎಂಬ ಅಂತರರಾಷ್ಟ್ರೀಯ ಮಾನಕದಂತೆ ಇರುವುದರಿಂದ ಯಾವ ದೇಶದ ಕಾರಾದರೂ ಬಹುತೇಕ ಒಂದೇ. ಬಣ್ಣ ನೋಡಿದರೆ ಅರ್ಧ ಅರ್ಥವಾಗುತ್ತದೆ. ಕೆಂಪು ಎಂದರೆ ಕೂಡಲೇ ನಿಲ್ಲಿಸಿ ನೋಡು. ಹಳದಿ ಎಂದರೆ ಎಚ್ಚರ, ಆದಷ್ಟು ಬೇಗ ಗ್ಯಾರೇಜಿಗೆ ತೋರಿಸು. ಹಸಿರು ಎಂದರೆ ಏನೋ ಒಂದು ಚಾಲನೆಯಲ್ಲಿದೆ. ನೀಲಿ ಎಂದರೆ ಹೈಬೀಮ್. ಕೈಬ್ರೇಕನ್ನು ಬಿಟ್ಟಿದ್ದರೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ಘಾಟಿ ಇಳಿಯಬೇಡಿ. ಬ್ರೇಕಿನ ಎಣ್ಣೆ ಕಡಿಮೆಯಾಗಿರಬಹುದು.

ಮಂಜಿನಲ್ಲಿ ಆ ನೀಲಿ ದೀಪ ಉರಿಯಬಾರದು. ಹೈಬೀಮಿನ ಬೆಳಕು ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳಿ ಬಂದು ಬಿಳಿಯ ಗೋಡೆ ಕಟ್ಟುತ್ತದೆ. ಲೋಬೀಮ್ ಮತ್ತು, ಇದ್ದರೆ, ಫಾಗ್ ಲ್ಯಾಂಪ್ ಸಾಕು. ಕೆಂಪು ತ್ರಿಕೋನದ ಹಜಾರ್ಡ್ ಗುಂಡಿ ನಿಂತ ವಾಹನದ ಎಚ್ಚರಿಕೆಗೆ. ಓಡುತ್ತಿರುವಾಗ ಅದನ್ನು ಒತ್ತಿಕೊಂಡರೆ ನಾವು ಎಡಕ್ಕೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ನೇರ ಹೋಗುತ್ತೇನೆಂದು ತಿಳಿಸಲು ನಾಲ್ಕು ದಾರಿ ಕೂಡುವಲ್ಲಿ ಇದನ್ನು ಹಾಕುವ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಯಾವ ಪುಸ್ತಕದಲ್ಲೂ ಇಲ್ಲ.

ಮಳೆಗಾಲದಲ್ಲಿ ಒಳಗಿನ ಗಾಜಿಗೆ ಹಬೆ ಕಟ್ಟುತ್ತದೆ. ನಮ್ಮ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುವುದೇ ಇದಕ್ಕೆ ಕಾರಣ. ಬಟ್ಟೆಯಿಂದ ಒರೆಸುತ್ತ ಒಂದೇ ಕೈಯಲ್ಲಿ ತಿರುವು ದಾಟುವವರನ್ನು ಕಂಡಿದ್ದೇನೆ. ಬೀಸಣಿಗೆಯಂತೆ ಬಾಗಿದ ಚೌಕಟ್ಟಿನೊಳಗೆ ಮೂರು ಅಲೆಯ ಬಾಣಗಳಿರುವ ಗುಂಡಿ ಮುಂದಿನ ಗಾಜಿನದು. ಆಯತಾಕಾರದೊಳಗೆ ಅದೇ ಬಾಣಗಳಿದ್ದರೆ ಹಿಂದಿನದು. ಮೊದಲನೆಯದನ್ನು ಒತ್ತಿ, ಚಳಿಯಿದ್ದರೂ ಎ.ಸಿ. ಹಾಕಿ, ಏಕೆಂದರೆ ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ. ಬೇಕಿದ್ದರೆ ಬಿಸಿಯ ಕಡೆಗೆ ತಿರುಗಿಸಿಕೊಳ್ಳಿ. ಕಾರಿನೊಳಗೆ ಬಾಣವೊಂದು ಸುತ್ತುತ್ತಿರುವ ಚಿತ್ರದ ಗುಂಡಿ ಮಾತ್ರ ಆಗ ಆರಿರಬೇಕು. ಅದು ಒಳಗಿನ ತೇವದ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ.

ಮಡಿಕೇರಿ ಬಿಡುವ ಮೊದಲು ಐದು ನಿಮಿಷ ಕಾರನ್ನು ಬದಿಗೆ ನಿಲ್ಲಿಸಿ: ಕ್ರೂಸ್ ಆರಿಸಿ, ಗೆರೆ ಕಾಯುವ ಗುಂಡಿಯನ್ನು ಆರಿಸಿ, ಇ.ಎಸ್.ಸಿ. ಇರುವ ಹಾಗೆಯೇ ಬಿಡಿ, ಕೆಳಗಿನ ಗೇರ್ ಹಿಡಿಯಿರಿ. ಎದುರಿನಿಂದ ಏರಿ ಬರುವ ವಾಹನಕ್ಕೆ ದಾರಿ ಬಿಡುವುದು ಇಳಿಯುವವರ ಕರ್ತವ್ಯವೆಂದು ನಿಯಮವೇ ಇದೆ. ಅದಕ್ಕೆ ಯಾವ ಕಂಪೆನಿಯೂ ಇನ್ನೂ ಗುಂಡಿ ಇಟ್ಟಂತಿಲ್ಲ. ನಿಮ್ಮ ಕಾರಿನಲ್ಲಿ ಅರ್ಥವಾಗದ ಚಿಹ್ನೆ ಇನ್ನೂ ಉಳಿದಿದ್ದರೆ ಅದರ ಚಿತ್ರವನ್ನು ಕಳುಹಿಸಿ. ಕಾರು ಕಂಪೆನಿಗಳಲ್ಲಿ ಕೆಲಸ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಕೆಲಸ ಹಚ್ಚುತ್ತಿದ್ದೇನೆ: ಐನೂರು ಪುಟದ ಆ ಇಂಗ್ಲಿಷ್ ಕೈಪಿಡಿಯಲ್ಲಿ ಎಚ್ಚರಿಕೆಯ ಭಾಗವನ್ನಾದರೂ, ಇಪ್ಪತ್ತೇ ಪುಟವಾಗಲಿ, ಕನ್ನಡಕ್ಕೆ ತಂದು ಕಾರಿನ ಜೊತೆಗೆ ಕೊಡಿಸಿ.